ಹಗ್ಗದ ಈಚೆ ನಾಲ್ವರು

ಒಂದು ಮಾತು ನನ್ನ ಡೈರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ನನಗೆ "ಬೇಡ" ಎನ್ನಲು ಬರುವುದಿಲ್ಲ.

ಕೇಳಿದವರಿಗೆ ನಗು ಬರಬಹುದು. ಪದವಿ ಓದಿದವಳು ನಾನು. ದಿನವಿಡೀ ಛಾಪಖಾನೆಯ ಮೂಲೆ ಮೇಜಿನಲ್ಲಿ ಕುಳಿತು ಬೇರೆಯವರ ತಪ್ಪು ತಿದ್ದುತ್ತೇನೆ. ಆದರೆ ನಮ್ಮ ಮಾಲೀಕರು ಎರಡು ವರ್ಷದಿಂದ ನನ್ನನ್ನು, ನನಗಿಂತ ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದ ಹುಡುಗಿಯ ಹೆಸರಿನಿಂದಲೇ ಕರೆಯುತ್ತಾರೆ. ನಾನು "ಬಂದೆ ಸಾರ್" ಎಂದು ಎದ್ದು ಹೋಗುತ್ತೇನೆ. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಎರಡನೆಯ ದಿನ ಹೇಳಿದರೆ "ನಿನ್ನೆ ಯಾಕೆ ಹೇಳಲಿಲ್ಲ" ಎಂದಾರು ಎನಿಸಿತು. ಹಾಗೇ ಎರಡು ವರ್ಷ ಉರುಳಿತು.

ಈಗ ಅದಕ್ಕಿಂತ ದೊಡ್ಡದೊಂದು ತಲೆಯ ಮೇಲೆ ಬಂದಿತ್ತು. ಗೆಳತಿಯರು ಒಂದು ದಿನದ ಪ್ರವಾಸ ಹಾಕಿಕೊಂಡಿದ್ದರು. ಬೆಳಿಗ್ಗೆ ನಗರದ ಮ್ಯೂಸಿಯಂ ಮತ್ತು ಗಡಿಯಾರದ ಗೋಪುರ, ಮಧ್ಯಾಹ್ನ ಜಲಪಾತ. ನಾವು ಒಟ್ಟು ನಾಲ್ವರು. ಒಬ್ಬಳು ಬಸ್ ಕಂಡಕ್ಟರ್. ಇನ್ನೊಬ್ಬಳು ದರ್ಜಿ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವಳು, ಅವಳನ್ನು ಕಾಜಾ ಎಂದೇ ಕರೆಯುತ್ತೇವೆ. ಮೂರನೆಯವಳು ಚಪ್ಪಲಿ ಅಂಗಡಿಯವಳು. ಅವಳು ಮಾತಾಡಿದರೆ ಎರಡು ಬೀದಿ ಆಚೆ ಕೇಳುತ್ತದೆ, ಹಾಗಾಗಿ ಅವಳು ಮೈಕು. ನಾಲ್ಕನೆಯವಳು ನಾನು, ಪಿಸು. ಯಾಕೆಂದು ಹೇಳಬೇಕಾಗಿಲ್ಲ.

ಮೈಕು ನಮ್ಮನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಕೇಳಿದ್ದಳು. "ನೀರಿನ ಮಧ್ಯೆ ಒಂದು ಚಪ್ಪಟೆ ಬಂಡೆ ಇದ್ಯಂತೆ. ಫೋಟೋ ಅಲ್ಲೇ. ಎಲ್ರೂ ಇಳೀತೀರಲ್ವಾ?"

ಕಂಡಕ್ಟರ್ ತಲೆಯಾಡಿಸಿದಳು. ಕಾಜಾ ತಲೆಯಾಡಿಸಿದಳು. ನಾನೂ ಆಡಿಸಿಬಿಟ್ಟೆ. ನನಗೆ ಈಜು ಬರುವುದಿಲ್ಲ.

ಮನೆಯಲ್ಲಿ ಬೇರೆಯದೇ ಅಡ್ಡಿ ಇತ್ತು. ಅಮ್ಮ ಇಸ್ತ್ರಿ ಅಂಗಡಿ ನಡೆಸುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಶನಿವಾರ ಸಂಜೆ ಕಂಡಕ್ಟರ್ ಎಂದಿನಂತೆ ತನ್ನ ಸಮವಸ್ತ್ರ ತೆಗೆದುಕೊಳ್ಳಲು ಬಂದವಳು ಸ್ಟೂಲಿನ ಮೇಲೆ ಕುಳಿತು ವಿಷಯ ತೆಗೆದಳು.

ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದೇ ಹೇಳಿದಳು, "ನೀರು ಮೇಲಿಂದ ಬೀಳೋದು ನೋಡ್ಬೇಕಾ? ನಮ್ಮ ಮಹಡಿ ಟ್ಯಾಂಕು ತುಂಬಿದಾಗ ನಾನು ದಿನಾ ನೋಡ್ತೀನಿ. ಒಂದು ಅಂಗಿ ಖರ್ಚಿಲ್ಲ."

ಅಮ್ಮನಿಗೆ ಎಲ್ಲದರ ಬೆಲೆಯೂ ಅಂಗಿಯಲ್ಲೇ. ಒಂದು ಅಂಗಿಗೆ ಇಸ್ತ್ರಿ ಹಾಕಿದರೆ ಎಷ್ಟು ಸಿಗುತ್ತದೋ ಅದೇ ಅವಳ ನಾಣ್ಯ.

"ಚಿಕ್ಕಮ್ಮಾ, ಕಾರು ಮಾಡ್ಕೊಂಡು ಹೋದ್ರೆ ಅದು ಸಾಹುಕಾರರ ಪ್ರವಾಸ," ಎಂದಳು ಕಂಡಕ್ಟರ್. "ನಾವು ಮೊದಲನೇ ಬಸ್ಸಿಗೆ ಹತ್ತಿ ಸಂಜೆ ಬಸ್ಸಿಗೆ ವಾಪಸ್. ದಿನದ ಪಾಸು ತಗೊಂಡ್ರೆ ಎಲ್ಲಿ ಬೇಕಾದ್ರೂ ಹತ್ತಬಹುದು, ಎಲ್ಲಿ ಬೇಕಾದ್ರೂ ಇಳೀಬಹುದು."

"ಎಷ್ಟು ಅಂಗಿ?"

"ಎಂಟು."

"ಊಟ?"

"ಮನೆ ಡಬ್ಬಿ. ಬ್ರೆಡ್ಡು, ಮೊಟ್ಟೆ, ಸೌತೆಕಾಯಿ. ನೀರಿನ ಬಾಟ್ಲೂ ಮನೇದೇ."

"ಒಳಗೆ ಬಿಡೋಕೆ ದುಡ್ಡು ಕೀಳಲ್ವಾ?"

"ಜಲಪಾತಕ್ಕೆ ಎರಡು ಅಂಗಿ. ಮ್ಯೂಸಿಯಂ ತಿಂಗಳ ಮೊದಲ ಭಾನುವಾರ ಪುಕ್ಕಟೆ. ಅದಕ್ಕೇ ನಾಳೆಗೇ ಇಟ್ಕೊಂಡಿರೋದು."

ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. "ಹತ್ತೇ ಅಂಗಿನಾ? ಇಷ್ಟು ವರ್ಷ ಇದನ್ನ ನಾನ್ಯಾಕೆ ಯಾರನ್ನೂ ಕೇಳಲಿಲ್ಲ?" ಎಂದು ತನಗೇ ಹೇಳಿಕೊಂಡಳು. ಆಮೇಲೆ ಒಂದು ಕಾಲರು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ದುಡ್ಡಿನ ಮಾತು ಮುಗೀತು. ಈಗ ನಿಜವಾದ ಮಾತು ಕೇಳು. ಇವಳಿಗೆ ಬೇಡ ಅನ್ನೋಕೆ ಬರಲ್ಲ."

ನಾನು ಬೆಚ್ಚಿದೆ. ಅಮ್ಮ ನನ್ನ ಡೈರಿ ಮುಟ್ಟುವವಳೂ ಅಲ್ಲ.

"ಹೋದ ವರ್ಷ ಅಂಗಿ ಹೊಲಿಸಿದ್ಲು. ದರ್ಜಿ, ತೋಳು ಬಿಗಿ ಇದ್ಯಾ ಅಂತ ಬಾಯಿಬಿಟ್ಟು ಕೇಳ್ದ. ಸರಿ ಇದೆ ಅಂದ್ಲು ಮಹಾರಾಯ್ತಿ. ಆಮೇಲೆ ಕೈ ಎತ್ತೋಕಾಗ್ದೆ ಬಸ್ಸಲ್ಲಿ ಕಂಬಿ ಹಿಡೀತಿರಲಿಲ್ಲ."

"ಅದಕ್ಕೇನಾ ನೀನು ನನ್ನ ಬಸ್ಸಲ್ಲಿ ಸೀಟಿಗೆ ಒರಗಿ ನಿಲ್ತಿದ್ದದ್ದು? ನಿಂಗೆ ನನ್ನ ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ," ಎಂದು ಕಂಡಕ್ಟರ್ ಹೊಟ್ಟೆ ಹಿಡಿದು ನಕ್ಕಳು.

ಅಮ್ಮ ನಗಲಿಲ್ಲ. "ನೀರಿನ ಹತ್ರ ಯಾರಾದ್ರೂ ಬಾ ಅಂದ್ರೆ ಇವಳು ಹೋಗ್ತಾಳೆ. ಒಳಗೊಳಗೇ ಹೆದರಿಕೊಂಡು, ನಗ್ತಾ ಹೋಗ್ತಾಳೆ. ನಂಗಿರೋ ಭಯ ನೀರಿನದಲ್ಲ."

"ಚಿಕ್ಕಮ್ಮಾ, ಆ ಕಡೆ ಹೋಗೋ ಡ್ರೈವರನ್ನ ಕೇಳಿದೀನಿ, ಮೂರು ದಿನದಿಂದ ಮಳೆ ಇಲ್ಲ. ನಾಳೆ ಹೊರಡೋ ಮುಂಚೆ ಇನ್ನೊಂದು ಸಲ ಕೇಳ್ತೀನಿ. ಎಲ್ಲಿಗೆ ಹೋಗ್ತೀವಿ, ಎಷ್ಟು ಹೊತ್ತಿಗೆ ಬರ್ತೀವಿ, ಚೀಟಿ ಬರೆದಿಟ್ಟು ಹೋಗ್ತೀವಿ. ಅಲ್ಲಿ ಹಗ್ಗ ಕಟ್ಟಿರ್ತಾರೆ. ದಾಟಲ್ಲ."

ಅಮ್ಮ ನನ್ನ ಕಡೆ ತಿರುಗಿದಳು. "ಯಾರಾದ್ರೂ ದಾಟು ಅಂದ್ರೆ ಬೇಡ ಅಂತೀಯಾ?"

"ಅಂತೀನಿ."

"ಏನಂದೆ? ಈ ಇಸ್ತ್ರಿಪೆಟ್ಟಿಗೆ ಸದ್ದೇ ನಿನಗಿಂತ ಜೋರು."

ಚೀಟಿ ಬರೆದು ಗೋಡೆಯ ಮೊಳೆಗೆ ಸಿಕ್ಕಿಸಿದೆ. ಅಮ್ಮ ಹೋಗು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಬೆಳಿಗ್ಗೆ ಎದ್ದಾಗ ನಾಲ್ಕು ಮೊಟ್ಟೆ ಬೇಯಿಸಿಟ್ಟಿದ್ದಳು.

ಆ ದಿನದ ಬೆಳಗಿನ ಹೊತ್ತನ್ನು ನೆನೆದರೆ ಈಗಲೂ ನಗು ಬರುತ್ತದೆ. ರಜೆಯಲ್ಲಿದ್ದರೂ ಕಂಡಕ್ಟರಳ ಬಾಯಿಗೆ ರಜೆ ಇರಲಿಲ್ಲ. ಜನ ಹತ್ತಿದ ಕೂಡಲೇ "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯೆ ಜಾಗ ಇದೆ" ಎಂದು ಕೂಗಿದಳು. ಡ್ಯೂಟಿಯಲ್ಲಿದ್ದ ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಮ್ಯೂಸಿಯಂನಲ್ಲಿ ಮೈಕು ಒಂದು ಕಲ್ಲಿನ ರಾಜನ ಮುಂದೆ ಬಗ್ಗಿ, "ಎಡಗಾಲು ಏಳು, ಬಲಗಾಲು ಎಂಟು. ಪಾಪ, ಜೋಡಿ ಸಿಕ್ತಿರಲಿಲ್ಲ ಇವನಿಗೆ" ಎಂದಳು. ಕಾಜಾ ಹಳೆಯ ನಿಲುವಂಗಿಯ ಗಾಜಿಗೆ ಮೂಗು ಒತ್ತಿ, ಮುನ್ನೂರು ವರ್ಷದ ಹಿಂದೆಯೂ ಮೂರನೆಯ ಕಾಜಾ ಓರೆಯಾಗಿತ್ತು ಎಂದು ಕಂಡುಹಿಡಿದಳು. ಗೋಪುರದ ನೂರೆಂಬತ್ತು ಮೆಟ್ಟಿಲು ಹತ್ತಿದ ಮೇಲೆ ನಮ್ಮ ನಗರ ಅಂಗೈಯಗಲ ಕಂಡಿತು. ನನ್ನ ಛಾಪಖಾನೆಯ ತಗಡಿನ ಮಾಡೂ ಕಂಡಿತು. ಎಷ್ಟು ಸಣ್ಣದು ಅದು.

ಜಲಪಾತ ತಲುಪಿದಾಗ ಬಿಸಿಲು ಚುರುಕಾಗಿತ್ತು. ಬಸ್ಸಿನಿಂದ ಇಳಿದ ಕೂಡಲೇ ಸದ್ದು ಎದೆಗೆ ಬಂದು ಬಡಿಯಿತು. ಬಿಳಿ ನೀರು, ಕೆಳಗೆ ಹಸಿರು ಮಡು, ಅದರ ಈಚೆ ಕಬ್ಬಿಣದ ಗೂಟಗಳಿಗೆ ಕಟ್ಟಿದ ಕಿತ್ತಳೆ ಬಣ್ಣದ ಹಗ್ಗ. ಹಗ್ಗದ ಆಚೆ ಚಪ್ಪಟೆ ಬಂಡೆಯ ಮೇಲೆ ಏಳೆಂಟು ಜನ ಆಗಲೇ ನಿಂತು ಫೋಟೋ ತೆಗೆಯುತ್ತಿದ್ದರು. ದೂರದಲ್ಲಿ ಖಾಕಿ ಟೋಪಿಯ ಕಾವಲುಗಾರ ಅಜ್ಜ ಸೀಟಿ ಊದುತ್ತಿದ್ದ. ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಸೀಟಿ ಕೇಳುತ್ತಿರಲಿಲ್ಲ.

"ಅಷ್ಟು ಜನ ಹೋಗಿದಾರಲ್ಲ, ಏನಾಗುತ್ತೆ? ಎಲ್ರೂ ಕೈ ಹಿಡ್ಕೊಳ್ಳಿ. ಸರಪಳಿ ಥರ ಹೋದ್ರೆ ಯಾರೂ ಬೀಳಲ್ಲ," ಎಂದಳು ಮೈಕು.

ಕಂಡಕ್ಟರ್ ಹಗ್ಗ ನೋಡಿದಳು. ಬಂಡೆಯ ಮೇಲಿನ ಜನರನ್ನು ನೋಡಿದಳು. ಆಮೇಲೆ ಮೈಕು ಚಾಚಿದ ಕೈ ಹಿಡಿದುಬಿಟ್ಟಳು. ಎಲ್ಲ ತಿಳಿದವಳು ಅವಳು. ಆದರೆ ಅಂಥ ಹೊತ್ತಿನಲ್ಲಿ ತಿಳಿವಳಿಕೆಯೂ ಜನರ ಹಿಂದೆ ಹೋಗುತ್ತದೆ. ಅವಳ ಕೈಯನ್ನು ಕಾಜಾ, ಕಾಜಾಳ ಕೈಯನ್ನು ನಾನು. ಮೈಕು ಒಂದು ಕಾಲನ್ನು ಹಗ್ಗದ ಆಚೆ ಎತ್ತಿದಳು. ಫೋಟೋಗೆಂದು ಹಾಕಿಕೊಂಡು ಬಂದಿದ್ದ ಹೊಸ ಚಪ್ಪಲಿ. ಅದರ ಅಡಿ ಕನ್ನಡಿಯಷ್ಟು ನುಣುಪು.

"ನಂಗೆ ಬೇಡ," ಎಂದೆ.

ಯಾರಿಗೂ ಕೇಳಲಿಲ್ಲ.

"ನಂಗೆ ಬೇಡ ಕಣೆ."

ಕಾಜಾ ಹಿಂತಿರುಗಿ "ಆಂ?" ಎಂದಳು. ಅವಳ ಅಂಗೈ ಬೆವರಿ ತಣ್ಣಗಾಗಿತ್ತು. ನಗುತ್ತಿದ್ದಳು. ಒಳಗೊಳಗೇ ಹೆದರಿಕೊಂಡು ನಗುವುದು ಎಂದರೆ ಹೇಗಿರುತ್ತದೆಂದು ನಾನು ಮೊದಲ ಸಲ ಹೊರಗಿನಿಂದ ನೋಡಿದೆ.

ಉಸಿರು ಎಳೆದುಕೊಂಡೆ. "ನಂಗೆ ಈಜು ಬರಲ್ಲ. ನಾನು ಬರಲ್ಲ. ನೀವೂ ಹೋಗ್ಬೇಡಿ."

ಅಷ್ಟು ದೊಡ್ಡ ದನಿ ಯಾರದೆಂದು ನಾನೇ ತಿರುಗಿ ನೋಡಿದೆ. ಬಂಡೆಯ ಮೇಲಿದ್ದವರೂ ನೋಡಿದರು.

ಕಾಜಾ ತನ್ನ ಕೈ ಕಂಡಕ್ಟರಳಿಂದ ಬಿಡಿಸಿಕೊಂಡಳು. "ನಂಗೂ ಬರಲ್ಲ."

"ನಂಗೂ ಬರಲ್ಲ," ಎಂದಳು ಕಂಡಕ್ಟರ್. "ಮೈಕುಗೆ ಬರುತ್ತಲ್ಲ ಅಂತ ಧೈರ್ಯವಾಗಿದ್ದೆ."

ಮೂವರೂ ಮೈಕುವನ್ನು ನೋಡಿದೆವು. ಅವಳು ಎತ್ತಿದ ಕಾಲು ಎತ್ತಿದಂತೆಯೇ ನಿಂತಿದ್ದಳು. "ನಂಗ್ಯಾರು ಕಲಿಸಿದ್ರು? ಬಕೆಟ್ಟಿಗಿಂತ ಆಳದ ನೀರಿಗೆ ನಾನು ಯಾವತ್ತೂ ಇಳಿದಿಲ್ಲ."

"ಮತ್ತೆ ಇಳೀತೀರಾ ಅಂತ ನಮ್ಮನ್ನ ಯಾಕೆ ಕೇಳ್ದೆ?" ಎಂದಳು ಕಂಡಕ್ಟರ್.

"ಸುಮ್ನೆ ಕೇಳ್ದೆ. ನೀವು ಮೂರು ಜನಾನೂ ಕೋಲೆ ಬಸವನ ಹಾಗೆ ತಲೆ ಆಡಿಸಿದ್ರಿ. ಇವರಿಗೆಲ್ಲಾ ಬರುತ್ತೆ, ನಾನೊಬ್ಬಳು ದಡದಲ್ಲಿ ಕೂತ್ರೆ ಮಾನ ಹೋಗುತ್ತೆ ಅಂದ್ಕೊಂಡೆ."

ಈಜು ಬಾರದ ನಾಲ್ವರು, ಉಳಿದ ಮೂವರಿಗೆ ಬರುತ್ತದೆಂದು ನಂಬಿ, ಕೈ ಕೈ ಹಿಡಿದು ನೀರಿಗೆ ಹೊರಟಿದ್ದೆವು. ಮೈಕು ಕಾಲು ಹಿಂದಕ್ಕೆ ತೆಗೆದಳು. ಹಗ್ಗದ ಈಚೆ ನಾಲ್ವರೂ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಾವಲುಗಾರ ಅಜ್ಜ ಏದುಸಿರು ಬಿಡುತ್ತ ಬಂದ. "ಇಲ್ಲಿ ನನ್ನ ಸೀಟಿಗಿಂತ ಜೋರಾಗಿ ಕೂಗಿದ್ದು ಯಾರಮ್ಮಾ?"

ಮೂರು ಬೆರಳು ನನ್ನತ್ತ ತಿರುಗಿದವು.

"ದಿನಾ ಬಾ ತಾಯಿ, ನಂಗೆ ಅರ್ಧ ಕೆಲಸ ಕಮ್ಮಿ ಆಗುತ್ತೆ," ಎಂದ ಅಜ್ಜ. ಆಮೇಲೆ ಅವನ ಮುಖ ಗಂಭೀರವಾಯಿತು. "ಕೈ ಕೈ ಹಿಡ್ಕೊಂಡು ಹೊರಟಿದ್ರಲ್ಲ, ಪಾಚಿ ಕಲ್ಲಿನ ಮೇಲೆ ಒಬ್ಬಳು ಜಾರಿದ್ರೆ ನಾಲ್ಕೂ ಜನ ಹೋಗ್ತೀರಿ. ಇಲ್ಲಿ ಬಿಸಿಲಿದೆ ಅಂತ ನಂಬಬೇಡಿ. ಮೇಲೆ ಬೆಟ್ಟದಲ್ಲಿ ಮಳೆ ಬಿದ್ರೆ ನೀರು ಹೇಳದೆ ಕೇಳದೆ ಬರುತ್ತೆ. ತಿಳಿನೀರು ಕದಡಿದ್ರೆ, ಎಲೆ ಕಡ್ಡಿ ಜಾಸ್ತಿ ತೇಲಿ ಬಂದ್ರೆ, ಸದ್ದು ಬದಲಾದ್ರೆ, ಚೀಲ ನೀರುಪಾಲಾದ್ರೂ ಆಗ್ಲಿ, ಮೊದಲು ಎತ್ತರಕ್ಕೆ ಹತ್ತಬೇಕು. ಯಾರಾದ್ರೂ ಬಿದ್ರೆ ಹಿಂದೇನೇ ಹಾರಬಾರ್ದು. ಹಗ್ಗವೋ ಉದ್ದ ಕೋಲೋ ಚಾಚಿ, ಹಿಡ್ಕೊಂಡು ತೇಲೋಕೆ ಖಾಲಿ ಕ್ಯಾನು ಎಸೀರಿ, ಜನಾನ ಕೂಗಿ."

ಮಾತಾಡುತ್ತಲೇ ಅವನ ಕಣ್ಣು ನೀರಿನ ಕಡೆ ಹೋಯಿತು. ಮಡುವಿನ ಅಂಚಿನಲ್ಲಿ ಒಣ ಎಲೆಗಳ ಒಂದು ಸಾಲು ಬರುತ್ತಿತ್ತು. ಅಜ್ಜ ಸೀಟಿ ಊದಿದ. ಬಂಡೆಯ ಮೇಲಿದ್ದವರು ಕೈಬೀಸಿ ನಕ್ಕರು.

"ಮೈಕು," ಎಂದೆ ನಾನು.

ಅವಳಿಗೆ ಅಷ್ಟೇ ಸಾಕಾಗಿತ್ತು. ಎರಡೂ ಕೈ ಬಾಯಿಗೆ ಹಿಡಿದು, "ನೀರು ಬರ್ತಿದೆ, ಎಲ್ರೂ ಈಚೆ ಬನ್ನಿ, ಕೆಂಪು ಬೂಟಿನವನೇ, ಮೊದಲು ನೀನು" ಎಂದು ಕೂಗಿದಳು. ಕೆಂಪು ಬೂಟಿನವನು ಗಾಬರಿಯಾಗಿ ಹೊರಟ, ಅವನ ಹಿಂದೆ ಉಳಿದವರೂ ಗೊಣಗುತ್ತ ಬಂದರು.

ಎತ್ತರದ ಕಟ್ಟೆಯ ಮೇಲೆ ಕುಳಿತು ಡಬ್ಬಿ ಬಿಚ್ಚಿದೆವು. ಮೊಟ್ಟೆ ಸುಲಿಯುವಾಗ ನೀರು ಚಹಾ ಬಣ್ಣಕ್ಕೆ ತಿರುಗಿತ್ತು. ತಿಂದು ಮುಗಿಸಿ ನೋಡಿದರೆ ಚಪ್ಪಟೆ ಬಂಡೆ ಇರಲಿಲ್ಲ. ಅದು ಮುಳುಗಿದ್ದು ನಮಗೆ ಗೊತ್ತೇ ಆಗಲಿಲ್ಲ. ಕೆಂಪು ಬೂಟಿನವನು ಬಂದು ನಮ್ಮ ಮುಂದೆ ಒಂದು ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋದ.

ಅಲ್ಲಿಂದಲೇ ಜಲಪಾತ ಇಡಿಯಾಗಿ ಕಾಣುತ್ತಿತ್ತು. ನಾವು ನೀರಿಗೆ ಇಳಿಯಲಿಲ್ಲ, ಆದರೆ ಗಾಳಿ ತಿರುಗಿದಾಗ ನೀರೇ ಹನಿಹನಿಯಾಗಿ ನಮ್ಮ ಮುಖಕ್ಕೆ ಬಂತು. ಫೋಟೋದಲ್ಲಿ ನಾಲ್ವರ ಕೂದಲೂ ಒದ್ದೆ, ನಾಲ್ವರ ಬಾಯಿಯೂ ತೆರೆದಿದೆ.

ಚೀಟಿಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಮನೆ ಸೇರಿದೆವು. ಅಮ್ಮ ಕರವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಹೇಳಿದ್ಯಾ?"

ನಾನು ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿದ್ದ ಮೈಕು ಹೇಳಿದಳು. "ಹೇಳಿದ್ಲಾ ಅಂತೀರಾ ಚಿಕ್ಕಮ್ಮಾ? ಜಲಪಾತವೇ ಒಂದು ಕ್ಷಣ ನಿಂತು, ಏನು ಅಂತ ಕೇಳ್ತು."

ನಡೆದದ್ದನ್ನೆಲ್ಲ ಮೈಕು ಹೇಳಿದಳು, ಕಾಜಾ ತಿದ್ದಿದಳು, ಕಂಡಕ್ಟರ್ ತಾನು ಹಗ್ಗದ ಮಾತು ಮರೆತದ್ದನ್ನು ತಾನೇ ಒಪ್ಪಿಕೊಂಡಳು. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಸುಟ್ಟ ವಾಸನೆ ಬಂದಾಗಲೇ ಎಲ್ಲರಿಗೂ ಎಚ್ಚರವಾದದ್ದು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಮ್ಮನ ಕೈಯಲ್ಲಿ ಒಂದು ಕರವಸ್ತ್ರ ಸುಟ್ಟು ಕಂದಿತ್ತು.

"ಹೋಗ್ಲಿ ಬಿಡು," ಎಂದಳು ಅಮ್ಮ, ಅದನ್ನು ಮಡಚಿ ಪಕ್ಕಕ್ಕಿಡುತ್ತ. "ಮುಂದಿನ ತಿಂಗಳು ಮೊದಲ ಭಾನುವಾರ ನಂಗೂ ಹತ್ತು ಅಂಗಿ ಎತ್ತಿಡು. ಆ ರಾಜನ ಕಾಲು ನಾನೂ ನೋಡ್ಬೇಕು."

ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನೀವೂ ಹೋಗಿ ಬನ್ನಿ. ಸಂತೋಷಕ್ಕೆ ಕಾರು ಬೇಕಿಲ್ಲ, ಮೊದಲ ಬಸ್ಸು, ಒಂದು ಡಬ್ಬಿ, ಹಿಡಿತವಿರುವ ಚಪ್ಪಲಿ, ಜೊತೆಗೆ ನಗುವವರು ಸಾಕು. ಹೋಗುವ ಜಾಗ, ಬರುವ ಹೊತ್ತು ಮನೆಯಲ್ಲಿ ಬರೆದಿಟ್ಟು ಹೋಗಿ. ಹಗ್ಗ ಕಟ್ಟಿದವರಿಗೆ ಆ ನೀರು ನಿಮಗಿಂತ ಚೆನ್ನಾಗಿ ಗೊತ್ತು, ಈಚೆಯೇ ನಿಲ್ಲಿ. ಹೊರಡುವ ಮುಂಚೆ ಒಬ್ಬರಿಗೊಬ್ಬರು ಕೇಳಿಕೊಳ್ಳಿ, ಯಾರಿಗೆ ಈಜು ಬರುವುದಿಲ್ಲ ಎಂದು. ಉತ್ತರ ಕೊಡುವಾಗ ತಲೆಯಾಡಿಸಬೇಡಿ, ಬಾಯಿಬಿಟ್ಟು ಹೇಳಿ. ನಿಮ್ಮ ಒಂದು "ಬೇಡ"ಕ್ಕಾಗಿ ಪಕ್ಕದಲ್ಲಿ ಇನ್ನೂ ಮೂವರು ಕಾಯುತ್ತಿರಬಹುದು. ನೀರಿನ ಹತ್ತಿರ ಅದು ಸುಲಭವಾಗಿ ಬರುವುದಿಲ್ಲ, ಹಾಗಾಗಿ ಮನೆಯಲ್ಲಿ, ಕೆಲಸದಲ್ಲಿ ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ನಾನು ಸೋಮವಾರವೇ ಶುರು ಮಾಡಿದೆ. ಬೆಳಿಗ್ಗೆ ಹತ್ತು ಗಂಟೆಗೆ ಮಾಲೀಕರು ತಮ್ಮ ಕೋಣೆಯಿಂದ ಎಂದಿನಂತೆ ಅದೇ ಹಳೆಯ ಹೆಸರು ಕೂಗಿದರು. ನಾನು ಎದ್ದು ಹೋದೆ. ಯಂತ್ರಗಳು ಓಡುತ್ತಿದ್ದವು, ಜಲಪಾತದಷ್ಟಲ್ಲದಿದ್ದರೂ ಸದ್ದು ಸಾಕಷ್ಟಿತ್ತು. ಉಸಿರು ಎಳೆದುಕೊಂಡು ಹೇಳಿದೆ.

"ಸಾರ್, ಅದು ನನ್ನ ಹೆಸರಲ್ಲ."