ಮುನಿಯಕ್ಕ ಕೇಳಿದ ಸಾಲು

ನನಗೆ ಕಾಯುವುದು ಬರುವುದಿಲ್ಲ. ಸಿಗ್ನಲ್ ಇರಲಿ, ಇಡ್ಲಿ ಬೇಯುವ ಹತ್ತು ನಿಮಿಷವೂ ಒಂದೆಡೆ ನಿಲ್ಲಲಾರೆ. ಅದಕ್ಕೇ ನಮ್ಮ ಬಾಸ್ ನರೇಂದ್ರ ಸಾರ್ ಆ್ಯಪ್‌ನ ಕನ್ನಡ ಫೈಲ್ ಕ್ಲೀನ್ ಮಾಡು ಎಂದಾಗ ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಬೆನ್ನು ತಟ್ಟಿಕೊಂಡೆ.

ನಮ್ಮದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ಅಂಗಡಿಯ ಮೇಲಿನ ಪುಟ್ಟ ಆಫೀಸು. ಒಂದು ಆಸ್ಪತ್ರೆಗೆ ಆ್ಯಪ್ ಮಾಡಿಕೊಟ್ಟಿದ್ದೇವೆ. ಆಪರೇಷನ್ನಿಗೆ ಮುಂಚೆ ಏನು ಮಾಡಬೇಕು, ಏನು ಮಾಡಬಾರದು ಎಂದು ಅದು ರೋಗಿಗೆ ಹಿಂದಿನ ಸಂಜೆಯೇ ಹೇಳುತ್ತದೆ. ತೆರೆಯ ಮೇಲೆ ಬರುವ ಪ್ರತಿ ಕನ್ನಡ ವಾಕ್ಯಕ್ಕೂ ಇಂಗ್ಲಿಷಿನಲ್ಲಿ ಒಂದು ಅಡ್ಡಹೆಸರಿರುತ್ತದೆ. ಅದಕ್ಕೆ ಕೀ ಅನ್ನುತ್ತೇವೆ. ಪ್ರೋಗ್ರಾಂ ಆ ಹೆಸರು ಕರೆದರೆ ವಾಕ್ಯ ಬರುತ್ತದೆ. ಕರೆದಾಗ ವಾಕ್ಯವಿಲ್ಲದಿದ್ದರೆ ಬರೀ ಅಡ್ಡಹೆಸರು ಕಾಣುತ್ತದೆ. ಯಾರೂ ಕರೆಯದ ವಾಕ್ಯಗಳು ಫೈಲಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಒಂದೊಂದು ಹೆಸರನ್ನೂ ಪ್ರೋಗ್ರಾಂ ತುಂಬ ಹುಡುಕಿಸಿದೆ. ವಾಕ್ಯವಿಲ್ಲದವು ಆರು, ಯಾರಿಗೂ ಬೇಡದವು ಇನ್ನೂರ ಹನ್ನೆರಡು. ಆರನ್ನು ಬರೆದು ಸೇರಿಸಿ, ಇನ್ನೂರ ಹನ್ನೆರಡನ್ನು ಅಳಿಸಿದೆ.

ಅಳಿಸಿದವುಗಳ ಪಕ್ಕ ಎಷ್ಟೋ ಕಡೆ ‘ಮುನಿಯಕ್ಕ ಕೇಳಿದ್ರು’ ಎಂದು ಬರೆದಿತ್ತು. ಕೆಲಸ ಬಿಟ್ಟುಹೋದ ಪ್ರಮೋದನ ಗುರುತು ಅದು. ಆಫೀಸು ಗುಡಿಸಿ ಟೀ ಮಾಡಿಕೊಡುವ ಮುನಿಯಕ್ಕನಿಗೆ ಅವನು ಪ್ರತಿ ಸಾಲನ್ನೂ ಓದಿ ಹೇಳುತ್ತಿದ್ದ. ಅವರಿಗೆ ಅರ್ಥವಾಗುವ ತನಕ ತಿದ್ದುತ್ತಿದ್ದ. ಒಂದು ಸಾಲಿಗೆ ಅರ್ಧ ಗಂಟೆ! ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಹೊಸ ಫೈಲು ನಿನ್ನೆ ಮಧ್ಯಾಹ್ನವೇ ಎಲ್ಲರ ಫೋನಿಗೂ ಹೋಯಿತು. ಇವತ್ತು ಮುನಿಯಕ್ಕ ರಜೆ. ಅವರ ಗಂಡ ಮುನಿಯಣ್ಣನಿಗೆ ಅದೇ ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ಹರ್ನಿಯಾ ಆಪರೇಷನ್. ಎಂಟೂವರೆಗೆ ಆಫೀಸಿಗೆ ಬಂದು, ಯಾವುದಕ್ಕೂ ಇರಲಿ ಎಂದು ಆ್ಯಪ್‌ನಲ್ಲಿ ಹರ್ನಿಯಾ ಒತ್ತಿ ನೋಡಿದೆ. ಏನೂ ತಿನ್ನಬಾರದು ಎಂಬ ವಾಕ್ಯ ಇರಬೇಕಾದಲ್ಲಿ ‘ಬಿಫೋರ್ ಡಾಟ್ ಹರ್ನಿಯಾ’ ಎಂದು ಇಂಗ್ಲಿಷಿನಲ್ಲಿ ಕೂತಿತ್ತು.

ಪ್ರಮೋದ ಆ ಹೆಸರನ್ನು ಎಲ್ಲೂ ಇಡಿಯಾಗಿ ಬರೆದಿರಲಿಲ್ಲ. ಅವನ ಪ್ರೋಗ್ರಾಂ ‘ಬಿಫೋರ್’ ಜೊತೆ ಆಯಾ ಆಪರೇಷನ್ನಿನ ಹೆಸರನ್ನು ಆ ಹೊತ್ತಿಗೆ ಜೋಡಿಸಿಕೊಂಡು ಕರೆಯುತ್ತಿತ್ತು. ಇಡೀ ಹೆಸರನ್ನು ಹುಡುಕಿದ ನನಗೆ ಅದು ಸಿಗುವುದಾದರೂ ಹೇಗೆ? ಕಸದ ಜೊತೆ ಬೇಕಾದ್ದನ್ನೂ ಗುಡಿಸಿ ಎಸೆದಿದ್ದೆ.

ಹಳೆಯ ಫೈಲನ್ನು ವಾಪಸ್ ಹಾಕಿದೆ. ಆದರೆ ನಿನ್ನೆ ಸಂಜೆ ನೋಡಿದವರು ಇವತ್ತು ಮತ್ತೆ ಯಾಕೆ ನೋಡುತ್ತಾರೆ? ಮುನಿಯಕ್ಕ ಫೋನ್ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮುನಿಯಣ್ಣ ಎದ್ದ ಕೂಡಲೇ ಕಾಫಿಗೆ ಬನ್ ಅದ್ದಿ ತಿನ್ನುವ ಆಸಾಮಿ. ಹೊಟ್ಟೆಯಲ್ಲಿ ಏನಾದರೂ ಇದ್ದು ಅರಿವಳಿಕೆ ಕೊಟ್ಟರೆ ಅದು ಶ್ವಾಸಕೋಶಕ್ಕೆ ನುಗ್ಗಬಹುದು. ಸ್ಕೂಟರ್ ಹತ್ತಿದೆ.

ಈಸ್ಟ್ ಎಂಡ್‌ನಲ್ಲಿ ಕೆಂಪು ದೀಪ. ಡೈರಿ ಸರ್ಕಲ್ಲಿನಲ್ಲಿ ಬಸ್ಸುಗಳು ಅಡ್ಡಡ್ಡ ನಿಂತಿದ್ದವು. ಹಾರ್ನ್ ಒತ್ತಿದೆ, ಪ್ರಮೋದನಿಗೆ ಬೈದೆ, ಮತ್ತೆ ನನಗೇ ಬೈದುಕೊಂಡೆ.

ಸುದ್ದಗುಂಟೆಪಾಳ್ಯದ ಅವರ ಮನೆ ಬಾಗಿಲಲ್ಲಿ ಮುನಿಯಣ್ಣ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಖಾಲಿ ಕಾಫಿ ಲೋಟ. ಜೀವ ಬಾಯಿಗೆ ಬಂತು. ಕುಡಿದುಬಿಟ್ರಾ ಎಂದು ಕೇಳಿದೆ.

“ಎಲ್ಲಿ ಕೊಟ್ಲು? ಅವಳೇ ನನ್ನೆದುರು ಕೂತ್ಕೊಂಡು ಕುಡುದ್ಲು,” ಎಂದು ಅವರು ಮುಖ ಗಂಟಿಕ್ಕಿದರು.

ನಾನು ಹೊಸ್ತಿಲ ಮೇಲೆ ಕೂತೆ. ಮುನಿಯಕ್ಕ ನೀರು ತಂದುಕೊಟ್ಟರು. ಫೋನ್ ಚಾರ್ಜಿಗೆ ಹಾಕಿದ್ದರಂತೆ. ಆ್ಯಪ್‌ನಲ್ಲಿ ನಿನ್ನೆ ಏನೋ ಇಂಗ್ಲಿಷ್ ಬಂದಿತ್ತು, ಆದರೆ ಆ ಸಾಲು ತಮಗೆ ಬಾಯಿಪಾಠ ಎಂದರು. ಪ್ರಮೋದ ಮೊದಲು ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಷ್ಟೇ ಬರೆದಿದ್ದನಂತೆ.

“ನಮ್ಮೋರಿಗೆ ಕಾಫಿ ಕುಡುದ್ರೂ ಹೊಟ್ಟೆ ಖಾಲೀನೇ ಕಣಪ್ಪಾ ಅಂದೆ. ಆಮೇಲೆ ‘ಕಾಫಿ ಕುಡಿದರೂ ತಿಂದ ಹಾಗೇ’ ಅಂತ ಸೇರಿಸ್ದ.” ಖಾಲಿ ಲೋಟ ಎತ್ತಿಕೊಂಡು ನನ್ನ ಕಡೆ ತಿರುಗಿದರು. “ನಂಗೇನೋ ಗೊತ್ತಿತ್ತು. ಮಿಕ್ಕೋರಿಗೆ ಯಾರು ಹೇಳಿದಾರೆ ಮೇಡಂ?”

ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಈ ಒಂದು ಮನೆಯ ಬಗ್ಗೆ ಮಾತ್ರ. ನಾಚಿಕೆಯಾಯಿತು. ಆಸ್ಪತ್ರೆಗೆ ಫೋನ್ ಮಾಡಿ ನರ್ಸಿಗೆ ಎಲ್ಲ ಹೇಳಿದೆ. ಅವರು ಪಟ್ಟಿ ಹಿಡಿದು ಎಲ್ಲರನ್ನೂ ವಿಚಾರಿಸಿ ಹತ್ತು ನಿಮಿಷದಲ್ಲಿ ವಾಪಸ್ ಫೋನ್ ಮಾಡಿದರು. ಇವತ್ತು ಆಪರೇಷನ್ ಇರುವವರಲ್ಲಿ ಕನ್ನಡದ ಆ್ಯಪ್ ಇಟ್ಟುಕೊಂಡವರು ಐದು ಜನ. ನಾಲ್ವರು ಏನೂ ತಿಂದಿರಲಿಲ್ಲ. ಪದ್ಮನಾಭನಗರದ ಒಬ್ಬ ಅಜ್ಜಿ ರಾಗಿ ಗಂಜಿ ಕುಡಿದು, ಕೇಳಿದಾಗ ನಿಜ ಹೇಳಿದ್ದರಿಂದ ಬದುಕಿಕೊಂಡಿದ್ದರು. ಅವರ ಆಪರೇಷನ್ ಮುಂದಿನ ತಿಂಗಳಿಗೆ ಹೋಯಿತು. ಅಲ್ಲಿಯ ತನಕ ನೋವು ತಡೆದುಕೊಳ್ಳಬೇಕು.

ಮುನಿಯಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ಅಜ್ಜಿ ಹೆಸರೇನಂತೆ?” ಎಂದರು.

ನಾನು ಕೇಳಿರಲಿಲ್ಲ. ಮತ್ತೆ ಆಸ್ಪತ್ರೆಗೆ ಫೋನ್ ಮಾಡಿ, ಅವರು ಎತ್ತುವ ತನಕ ಕಾದೆ.