ಈಶಾನ್ಯ ಮೂಲೆಯ ಹೆಬ್ಬೆಟ್ಟು

"ಲೇ, ನಿಲ್ಲಿಸೇ ನಿನ್ನ ತಮಟೆ! ಬೆಳಗಾಗೆದ್ದು ಯಾರ ಹೆಣ ಎತ್ತುತಾ ಇದ್ದೀಯಾ?"

ಮೇಲಿನ ಮಹಡಿಯಿಂದ ಮುನಿರಾಜನ ಬೈಗುಳ ಬಿದ್ದಾಗ ಸುಭದ್ರಮ್ಮನ ಅಂಗೈ ಜೋಳದ ಹಿಟ್ಟಿನ ಮೇಲಿತ್ತು. ರೊಟ್ಟಿ ಅರ್ಧ ಬಡಿದಾಗಿತ್ತು. ಅರ್ಧ ಬಡಿದ ರೊಟ್ಟಿಯನ್ನು ದೇವರೇ ಬಂದು ಕರೆದರೂ ಬಿಟ್ಟು ಏಳಲಾಗದು. ಅವಳು ಉಸಿರು ಬಿಗಿಹಿಡಿದು, ಕೂಸನ್ನು ತಟ್ಟಿ ಮಲಗಿಸುವವಳ ಹಾಗೆ ಮೆಲ್ಲಗೆ ತಟ್ಟತೊಡಗಿದಳು.

"ರೊಟ್ಟಿ ರೀ ಅಣ್ಣಾರ."

"ನಿಮ್ ಕಡೆಯೋರ್ಗೆ ಗೊತ್ತಿರೋದೇ ಇಷ್ಟು, ಬಡಿಯೋದು. ಮುದ್ದೆ ಮಾಡ್ಕೊಂಡ್ ತಿನ್ನು, ಸದ್ದಾಗಲ್ಲ. ಇನ್ನೂ ಇಲ್ಲೇ ಕುಕ್ಕರಿಸಿದ್ದೀಯಲ್ಲ, ಹೆಬ್ಬೆಟ್ಟು ಒತ್ತೋದ್ಯಾವಾಗ? ಲೇಟಾದ್ರೆ ಅರ್ಧ ದಿನ ಕಟ್. ಆಮೇಲೆ ಅಣ್ಣಾ ಅಪ್ಪಾ ಅಂತ ಕಾಲಿಗ್ ಬೀಳ್ಬೇಡ."

ಒಳಗೆ ಮಂಚದ ಮೇಲೆ ಅಂಗಾತ ಮಲಗಿದ್ದ ಬಸಣ್ಣ ಸೂರಿನ ಶೀಟಿಗೆ ಹೇಳಿದ, "ಈ ಭಾಡ್ಯಾ ದಿನಾ ಇಷ್ಟೊತ್ತಿಗೆ ನಮ್ಮನ್ನ ಎಬ್ಬಸ್ತಾನ. ಕೋಳಿ ಸಾಕೋ ಖರ್ಚು ಉಳೀತು ನೋಡು."

ಬಸಣ್ಣ ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನು ಮುರಿದುಕೊಂಡವನು. ದೇವದುರ್ಗದ ಕಡೆಯಿಂದ ಗಂಡಹೆಂಡತಿ ಇಬ್ಬರೂ ಗಾರೆ ಹೊರಲು ಬಂದವರು. ಈಗ ಅವನು ಹೊರುವುದು ತನ್ನ ಮೈಯನ್ನು ಮಾತ್ರ, ಅದೂ ಅವಳು ಹಿಡಿದರೆ.

ಕೆ.ಆರ್. ಪುರದ ಈ ಸಾಲುಮನೆಗಳು ಮುನಿರಾಜನವು. ಅವನಪ್ಪ ಮುನಿಆಂಜನಪ್ಪ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಪಕ್ಕದ ದೊಡ್ಡ ಅಪಾರ್ಟ್‌ಮೆಂಟು ಎದ್ದಿದೆ. ಹೊಲ ಮಾರಿದರೂ ಹೊಲದ ಮೇಲಿನ ಹಿಡಿತ ಬಿಡಬಾರದೆಂದು ಮುನಿರಾಜ ಆ ಕಟ್ಟಡಕ್ಕೆ ಕಸಗುಡಿಸುವವರನ್ನೂ ಕಾವಲಿನವರನ್ನೂ ಒದಗಿಸುವ ಏಜೆನ್ಸಿ ತೆರೆದಿದ್ದ. ಸುಭದ್ರಮ್ಮನಿಗೆ ಅಲ್ಲೇ ನೆಲ ಒರೆಸುವ ಕೆಲಸ. ಅವಳ ಮನೆಯ ಹಿಂಗೋಡೆಯೇ ಅಪಾರ್ಟ್‌ಮೆಂಟಿನ ಕಾಂಪೌಂಡು. ಬಸಣ್ಣನಿಗೆ ನೀರು ಬೇಕಾದರೆ, ಬಚ್ಚಲಿಗೆ ಹೋಗಬೇಕಾದರೆ, ಸ್ಟೀಲಿನ ಲೋಟದಿಂದ ಗೋಡೆಗೆ ಬಡಿಯುತ್ತಿದ್ದ. ಆಚೆ ಕಾರುಗಳ ನಡುವೆ ನೆಲ ಒರೆಸುತ್ತಿದ್ದವಳಿಗೆ ಅದು ಕೇಳಿಸುತ್ತಿತ್ತು. ಗೇಟು ದಾಟಿ ಓಡಿಬಂದು, ಅವನನ್ನು ಎತ್ತಿ ಕೂರಿಸಿ, ಓಡಿಹೋಗುತ್ತಿದ್ದಳು. ಸಂಬಳ ಬಾಡಿಗೆಗೆ ಸಾಲುತ್ತಿತ್ತು, ಬೇಳೆಗೆ ಸಾಲುತ್ತಿರಲಿಲ್ಲ. ಆದರೂ ಅವಳು ಆ ಕೆಲಸಕ್ಕೆ ಕಚ್ಚಿಕೊಂಡಿದ್ದದ್ದು ಆ ಲೋಟದ ಸದ್ದಿಗಾಗಿ.

ತೊಡಕೆಲ್ಲ ಇದ್ದದ್ದು ಹಾಜರಿಯ ಮಷೀನಿನಲ್ಲಿ. ಅದು ಇದ್ದದ್ದು ಶಿವಾಜಿನಗರದಲ್ಲಿ.

ಏಜೆನ್ಸಿಯ ಆಫೀಸು ಅಲ್ಲಿ, ಒಂದು ಟ್ರಂಕಿನ ಅಂಗಡಿಯ ಮೇಲೆ. ಮೊದಮೊದಲು ನಷ್ಟವಾಗಿ ಮುನಿರಾಜ ಕಂಗಾಲಾಗಿದ್ದಾಗ ಜೋಯಿಸರು ಬಂದು ನೋಡಿ, ಹೆಬ್ಬೆಟ್ಟಿನ ಯಂತ್ರವನ್ನು ಈಶಾನ್ಯ ಮೂಲೆಗೆ ಏರಿಸಿ, ಹೋಮ ಮಾಡಿಸಿದ್ದರು. ಮರುವಾರವೇ ಎರಡು ಹೊಸ ಕಟ್ಟಡದ ಗುತ್ತಿಗೆ ಸಿಕ್ಕಿತು. ಅಂದಿನಿಂದ ಅದು ಯಂತ್ರವಲ್ಲ, ಮನೆದೇವರು. ಯಾವ ಮೂಲೆಯ ಕಟ್ಟಡದಲ್ಲಿ ಕೆಲಸವಿದ್ದರೂ ಹೆಬ್ಬೆಟ್ಟು ಮಾತ್ರ ಶಿವಾಜಿನಗರದಲ್ಲೇ ಒತ್ತಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಹಾಗಾಗಿ ಸುಭದ್ರಮ್ಮ ಗೋಡೆಯಾಚೆಗೆ ಹೋಗಲು ಮೊದಲು ಟಿನ್ ಫ್ಯಾಕ್ಟರಿ ಸ್ಟಾಪಿಗೆ ನಡೆದು, ಬಸ್ಸು ಹತ್ತಿ, ಹಲಸೂರು ದಾಟಿ ಶಿವಾಜಿನಗರ ಮುಟ್ಟಿ, ಒತ್ತಿ, ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದಳು. ಸಂಜೆ ಮತ್ತೆ ಅಷ್ಟೇ. ಹೆಂಗಸರ ಟಿಕೆಟಿಗೆ ದುಡ್ಡಿಲ್ಲವಾದ್ದರಿಂದ ಕಂಡಕ್ಟರಿಗೂ ಅವಳೆಂದರೆ ತಮಾಷೆ.

"ಫ್ರೀ ಬಿಟ್ಟಿದ್ದೇ ಬಿಟ್ಟಿದ್ದು. ದಿನಾ ಹೋಗಿ ಬಂದು, ಹೋಗಿ ಬಂದು, ಎಲ್ಲಿಗಮ್ಮಾ ಟೂರು?"

"ಹೆಬ್ಬೆಟ್ಟು ಒತ್ತಾಕ್ರಿ."

"ಅಷ್ಟೊಂದು ಆಸ್ತಿ ರಿಜಿಸ್ಟ್ರೇಷನ್ ಮಾಡಿಸ್ತಿದ್ದೀರಾ!"

ಬಸ್ಸೆಲ್ಲ ನಕ್ಕಿತು. ಕಿಟಕಿಯಾಚೆ, ಅದೇ ಜಾಮಿನಲ್ಲಿ, ನಿಂಬೆಹಣ್ಣು ಕಟ್ಟಿದ ಮುನಿರಾಜನ ಕಾರು ಸಿಕ್ಕಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ, ಒಂದು ಬಾಳೆಗೊನೆ ಮಾತ್ರ ಬೆಲ್ಟು ಕಟ್ಟಿಕೊಂಡು ಕೂತಿತ್ತು. ಅವನು ಅವಳನ್ನು ನೋಡಿ, ಕೈಗಡಿಯಾರ ತೋರಿಸಿ ಹಾರನ್ ಹೊಡೆದ.

ಅಂದು ಶುಕ್ರವಾರ. ಆಫೀಸಿನಲ್ಲಿ ಯಂತ್ರಕ್ಕೆ ಮಂಗಳಾರತಿ ನಡೆದಿತ್ತು. ಕೆಲಸದವರೆಲ್ಲ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದರು. ಗಾಜಿನ ಮೇಲೆ ಜೋಯಿಸರು ಕುಂಕುಮ ಮೆತ್ತಿದ್ದರಿಂದ ಯಾರ ಹೆಬ್ಬೆಟ್ಟೂ ಅದಕ್ಕೆ ಗುರುತು ಸಿಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ 'ಟ್ರೈ ಅಗೇನ್' ಎನ್ನುತ್ತಿತ್ತು. ಒರೆಸಲು ಸುಭದ್ರಮ್ಮ ಸೆರಗು ಚಾಚಿದಳು.

"ಏಯ್, ಏಯ್! ಕೈ ತೆಗಿ," ಮುನಿರಾಜನ ಹೆಂಡತಿ ಸುಕನ್ಯ ಕುರ್ಚಿಯಿಂದಲೇ ಕಿರುಚಿದಳು. "ಕಕ್ಕಸು ತೊಳೆಯೋ ಸೆರಗಲ್ಲಿ ದೇವ್ರನ್ನ ಒರೆಸ್ತೀಯಾ?"

ಸುಭದ್ರಮ್ಮನ ಹೆಬ್ಬೆಟ್ಟು ಹೇಗೋ ಗುರುತು ಸಿಕ್ಕಿ ಯಂತ್ರ 'ಥ್ಯಾಂಕ್ಯೂ' ಎಂದಿತು. ಈ ಊರಿನಲ್ಲಿ ಅವಳಿಗೆ ಥ್ಯಾಂಕ್ಯೂ ಹೇಳುತ್ತಿದ್ದುದು ಅದೊಂದೇ. ಜೋಯಿಸರು ಅವಳು ಮುಟ್ಟಿದ ಜಾಗಕ್ಕೆ ಉದ್ಧರಣೆಯಿಂದ ನೀರು ಚಿಮುಕಿಸಿದರು. ಯಂತ್ರ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯಿತು.

ಅವಳು ಜೋಯಿಸರನ್ನು ಕೇಳಿಯೇಬಿಟ್ಟಳು. "ಬುದ್ಧಿ, ಇದನ್ನ ನಮ್ಮ ಗೇಟಿನಾಗ ಇಟ್ರ ಆಗೂದಿಲ್ಲೇನ್ರಿ? ನನ್ನ ಗಂಡ ಒಬ್ಬನ ಮಲಗಿರ್ತಾನ್ರಿ."

"ಈಶಾನ್ಯ ಬಿಟ್ಟು ಅಲುಗಿಸಿದರೆ ಯಜಮಾನರಿಗೆ ಹಾನಿ."

"ಹಂಗಂದ್ರ ನಾವು ಅಲುಗಬೇಕೇನ್ರಿ?"

"ಮನುಷ್ಯರು ಎಲ್ಲಿ ಬೇಕಾದರೂ ಅಲೆಯಬಹುದಮ್ಮಾ," ಜೋಯಿಸರು ನಿಜವಾಗಿಯೂ ಕನಿಕರದಿಂದ ಹೇಳಿದರು. "ಯಂತ್ರ ಅಲುಗಬಾರದು."

ಮುನಿರಾಜ ಬಾಳೆಹಣ್ಣು ಸುಲಿಯುತ್ತಾ ಅಂದ, "ಬಸ್ಸು ಫ್ರೀ, ಕರೆಂಟು ನಂದು, ನಿನ್ ಕೈಯಿಂದ ಏನೇ ಹೋಗುತ್ತೆ? ಕಷ್ಟ ಆದ್ರೆ ಬಿಡು. ಕೆಲಸ ಬಿಡ್ತೀನಿ ಅಂತ ಬರೆದ್ ಕೊಡು. ಜೊತೇಲೇ ರೂಮಿನ ಬೀಗದ ಕೈನೂ ಕೊಡು. ನನ್ ರೂಮು ನನ್ ಕೆಲಸದೋರಿಗೆ."

ಬರೆದದ್ದು ಆಗಲೇ ಇತ್ತು. ದಸರೆ ಕಳೆದ ವಾರ ಬಸಣ್ಣ ಮಲಗಿದಲ್ಲೇ ಬರೆದಿದ್ದ. ಅಂಗಾತ ಮಲಗಿ ಬರೆದರೆ ಪೆನ್ನಿಗೆ ಇಂಕು ಇಳಿಯುವುದಿಲ್ಲವೆಂದು ಪೆನ್ಸಿಲಿನಲ್ಲಿ: 'ನಾನು ಕೆಲಸ ಬಿಡುತ್ತೇನೆ.' ಪತ್ರ ಅವನ ದಿಂಬಿನ ಅಡಿಯಲ್ಲೇ ಉಳಿದಿತ್ತು. ಸಂಜೆ ದಣಿದು ಬಂದಾಗ "ನಾಳೆ ಕೊಟ್ಟಬಿಡ್ತೀನಿ" ಎನ್ನುವಳು. ಬೆಳಿಗ್ಗೆ ಲೋಟದ ಸದ್ದು ಕೇಳಿದಾಗ, ಇಷ್ಟು ಹತ್ತಿರ ಇನ್ನೆಲ್ಲಿ ಕೆಲಸ ಸಿಕ್ಕೀತು ಎನ್ನುವಳು. ಇಷ್ಟು ಹತ್ತಿರದ ಕೆಲಸಕ್ಕೆ ಇಷ್ಟು ದೂರ ಹೋಗುವವರು ಇನ್ನಾರಿದ್ದಾರು ಎಂದು ಬಸಣ್ಣ ನಗುವನು.

ಜೊತೆಯಲ್ಲಿ ನೆಲ ಒರೆಸುವ ಮಜೀದಾಳದು ಇನ್ನೊಂದು ಕತೆ. ಅವಳ ಮನೆ ಆಫೀಸಿನ ಹಿಂದಿನ ಗಲ್ಲಿಯಲ್ಲೇ.

"ಸುಭದ್ರಕ್ಕಾ, ಮನೆ ಬದಲಿ ಮಾಡ್ಕೊಳ್ಳಣಾ? ನಿನ್ ಗಂಡನ್ನ ನಾನ್ ನೋಡ್ಕೊತೀನಿ, ನನ್ ಅತ್ತೇನ ನೀನ್ ನೋಡ್ಕೋ."

"ನಿನ್ನತ್ತಿ ಬಾಯಿ ಕೇಳೀನಿ. ಬ್ಯಾಡವ್ವ, ಬಸ್ಸೇ ಇರಲಿ."

ಮುಂದಿನ ವಾರ, ಒಂದು ಸಂಜೆ. ಕೆಲಸ ಮುಗಿಸಿ, ಗೋಡೆಗೆ ಕಿವಿಯಿಟ್ಟು, ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಬಸ್ಸು ಹತ್ತಿದಳು. ವಾಪಸು ಬರುವಾಗ ಬೆನ್ನಿಗನಹಳ್ಳಿಯ ಹತ್ತಿರ ಬಸ್ಸು ಕಲ್ಲಾಗಿ ನಿಂತಿತು. ಮನೆ ಮುಟ್ಟಿ ಬಾಗಿಲು ತಳ್ಳಿದರೆ ಬಾಗಿಲು ತೆರೆಯಲಿಲ್ಲ. ಬಸಣ್ಣನ ಕಾಲು ಅಡ್ಡ ಇತ್ತು. ಬಚ್ಚಲಿಗೆ ತೆವಳಲು ಹೋಗಿ ಮಂಚದಿಂದ ಉರುಳಿದ್ದ. ಹಣೆ ಒಡೆದಿತ್ತು. ಪಂಚೆ ನೆನೆದಿತ್ತು. ಮುಷ್ಟಿಯಲ್ಲಿ ಲೋಟ, ಬಡಿದು ಬಡಿದು ಅದರ ಅಂಚು ಸೊಟ್ಟಗಾಗಿತ್ತು.

"ಬಂದ್ಯಾ?" ಎಂದ. "ಮಷೀನು ಥ್ಯಾಂಕ್ಯೂ ಅಂತೇನು?"

"ಅಂತು."

"ಮತ್ತ ಇನ್ನೇನು ಬೇಕು."

ಅವಳು ಅಳಲಿಲ್ಲ. ಅವನನ್ನು ಎತ್ತಿ, ತೊಳೆದು, ಹಣೆಗೆ ಅರಿಶಿನ ಮೆತ್ತಿದಳು. ದಿಂಬಿನ ಅಡಿಯ ಪತ್ರ ತೆಗೆದು ಅವನ ಎದೆಯ ಮೇಲಿಟ್ಟಳು.

"ಕಳಿಸೂಣೇನು?" ಬಸಣ್ಣ ಕೇಳಿದ. "ರೂಮು ಹೋಗ್ತೈತಿ."

"ಕೆಲಸ ಬಿಡೂದು ಅಳಿಸ್ರಿ," ಎಂದಳು. "ಕೆಲಸ ಯಾಕ ಬಿಡ್ಲಿ? ನೆಲ ಒರಸೂದು ನನಗ ಬ್ಯಾಸರಿಲ್ಲ. ಅವರಿಗೆ ಬೇಕಾದ್ದು ನಾನಲ್ಲ, ನನ್ನ ಹೆಬ್ಬೆಟ್ಟು. ಅದನ್ನಷ್ಟೇ ಕಳಸ್ತೀನಿ. ನಾ ಇಲ್ಲೇ ಇರ್ತೀನಿ."

ಬಸಣ್ಣ ಅವಳನ್ನು ದಿಟ್ಟಿಸಿದ. ಆಮೇಲೆ ನಗಲು ಶುರುಮಾಡಿದವನು ಬೆನ್ನು ಹಿಡಿದು ಚೀರುವವರೆಗೂ ನಿಲ್ಲಿಸಲಿಲ್ಲ. ರಬ್ಬರಿಲ್ಲದ್ದರಿಂದ ಉಗುಳು ಹಚ್ಚಿ ಅಳಿಸಿ, ಬರೆದ:

'ಮಾನ್ಯರೇ, ನನ್ನ ಹೆಬ್ಬೆಟ್ಟನ್ನು ಇದರ ಸಂಗಡ ಕಳಿಸಿದ್ದೇನೆ. ಬೆಳಗಿನದು ಎಡಕ್ಕೆ, ಸಂಜೆಯದು ಬಲಕ್ಕೆ. ದಯಮಾಡಿ ಈಶಾನ್ಯ ಮೂಲೆಯಲ್ಲಿ ಇಟ್ಟುಕೊಳ್ಳತಕ್ಕದ್ದು. ನಾನು ಕೆಲಸದ ಜಾಗದಲ್ಲಿ ಹಾಜರಿದ್ದೇನೆ.'

ಮರುದಿನ ಅವಳು ಬಸ್ಸಿಗೆ ಹೋಗಲಿಲ್ಲ. ಸೀದಾ ಗೇಟಿಗೆ ಹೋದಳು. ಕಾವಲಿನ ಹುಸೇನಪ್ಪನ ಮೇಜಿನ ಮೇಲೆ, ಬಂದುಹೋಗುವವರ ಚೀಟಿಗೆ ಸೀಲು ಹಾಕುವ ಇಂಕಿನ ಪ್ಯಾಡು ಇತ್ತು. ಒತ್ತಿದಳು, ಎರಡು ಸಲ. ಹುಸೇನಪ್ಪ ಕಾಗದ ಓದಿ ಮೀಸೆ ತಿರುವಿದ.

"ಅಕ್ಕಾ, ನಂದೂ ಇರ್ಲಿ. ಗೇಟು ಕಾಯಾಕ ಬಂದೀನಂತ ತೋರ್ಸಾಕ ದಿನಾ ಗೇಟು ಬಿಟ್ಟು ಹೋಗೂದು. ಇವನೌನ, ಕಳ್ಳರಿಗೂ ನಗಿ ಬರತೈತಿ."

ಬೆಳಗಿನ ಬಸ್ಸಿನಿಂದಿಳಿದು ಬಂದ ಮಜೀದಾ ಬುರ್ಖಾ ಮಡಚಿ ಬ್ಯಾಗಿಗೆ ತುರುಕಿದಳು. "ನಂದು ಒತ್ತಿ ಆಗಿದೆ. ಪರವಾಗಿಲ್ಲ, ಇನ್ನೊಂದ್ ಒತ್ತುತೀನಿ. ಇದಾದ್ರೂ ಕುಂಕುಮ ಕೇಳಲ್ಲ." ಹಿಂದಿನಿಂದ ತೋಟದವನು ಬಂದ, ಕಸದ ಗಾಡಿಯವಳು ಬಂದಳು. ಕಾಗದದಲ್ಲಿ ಜಾಗ ಸಾಲದೆ ಹಿಂಬದಿಗೆ ತಿರುಗಿಸಿ ಒತ್ತಿದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ಇಂಕಿನ ಹೆಬ್ಬೆಟ್ಟು ಹೊತ್ತು ಸುಭದ್ರಮ್ಮ ಪೋಸ್ಟಾಫೀಸಿನ ಕಿಟಕಿಗೆ ಹೋದಳು. ಕಿಟಕಿಯೊಳಗಿನ ಹೆಂಗಸು ಲಕೋಟೆ ತೂಗಿ, ವಿಳಾಸ ಓದಿದಳು.

"ಶಿವಾಜಿನಗರಾನಾ? ಇಲ್ಲಿಂದ ಬಸ್ಸಿಗ್ ಹೋದ್ರೆ ನೀವೇ ಕೊಡ್ಬೋದಲ್ಲಮ್ಮಾ, ಫ್ರೀ ಬೇರೆ. ಒಳಗೇನಿದೆ?"

"ಹಾಜರಿ ರೀ. ಅವರು ತಗೊಂಡ್ರು ಅಂತ ಸಹಿ ಬರಬೇಕು, ಅಂಥದ್ರಾಗ ಹಾಕ್ರಿ."

ಹೆಂಗಸು ವಿಚಿತ್ರವಾಗಿ ನೋಡಿ, ಸೀಲು ಎತ್ತಿ ದಪ್ಪನೆ ಕುಟ್ಟಿದಳು. "ನಾಳೆ ಮುಟ್ಟುತ್ತೆ. ಅರ್ಜೆಂಟಾ?"

"ಇಲ್ರೀ," ಎಂದಳು ಸುಭದ್ರಮ್ಮ. "ಸಾವಕಾಶ ಹೋಗ್ಲಿ. ಜಾಮಿನಾಗ ಒಂದೀಟು ನಿಂತು ಹೋಗ್ಲಿ."