ಶಾಲೆಗೆ ಹೋದವಳ ಪಾಲು

ಮಗಳು ಎಂಟನೆಯ ತರಗತಿ ಪಾಸಾದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಹೈಸ್ಕೂಲಿಗೆ ಕಳಿಸುವ ಮಾತು ಬಂದಾಗ ಮಾತ್ರ ಎಲ್ಲರಿಗೂ ಅವಳು ಮಾಡುವ ಕೆಲಸ ನೆನಪಾಗುತ್ತದೆ. ಐವತ್ತೇಳನೆಯ ಇಸವಿಯ ಬೇಸಗೆಯಲ್ಲಿ ಕಾಪುವಿನ ಕಡಲಕರೆಯ ಬೂಬಣ್ಣನ ಮನೆಯಲ್ಲೂ ಹೀಗೇ ಆಯಿತು.

ಮಗಳು ಸ್ವರ್ಣಲತಾ ಜಾಣೆ. ಉಡುಪಿಯಲ್ಲಿ ಹೈಸ್ಕೂಲು ಇತ್ತು. ದೂರದ ಹುಡುಗಿಯರು ಉಳಿಯಲು ಕಜೆಟನ್ ಪೊರ್ಬುಗಳ ವಿದ್ಯಾ ಸಂಘದ ಹಾಸ್ಟೆಲೂ ಇತ್ತು. ಊಟಕ್ಕೆ, ಪುಸ್ತಕಕ್ಕೆ ಅಲ್ಲಿ ಕಾಸು ಕೇಳುತ್ತಿರಲಿಲ್ಲ. ಆದರೂ ಬೂಬಣ್ಣ ಒಪ್ಪಲಿಲ್ಲ.

ಪೊರ್ಬುಗಳೆಂದರೆ ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಮಾತು. ಇವರು ಕಾರ್ಕಳದ ಹತ್ತಿರದ ಕುಕ್ಕುಂದೂರಿನವರು. ಗದ್ದೆ ಕೆಲಸದವರ ಮಕ್ಕಳಿಗೆ ತಮ್ಮ ಜಗಲಿಯಲ್ಲಿ ಪಾಠ ಹೇಳುತ್ತಾ ಶುರು ಮಾಡಿದವರು. ಆ ಮಕ್ಕಳಿಗೆ ಹೈಸ್ಕೂಲು ದೂರವಾದಾಗ ಉಡುಪಿಯಲ್ಲಿ ಮನೆ ಹಿಡಿದರು. ಸೈಕಲ್ಲಿನಲ್ಲಿ ಊರೂರು ಸುತ್ತಿ ಅಕ್ಕಿ ಬೇಡಿದರು. ಅಡಿಗೆಯವಳು ಬಾರದ ದಿನ ಗಂಜಿಯನ್ನೂ ಬೇಯಿಸಿದರು. ಮಕ್ಕಳನ್ನು ಕಳಿಸುವುದು ಬೇಡವೆನ್ನುವವನನ್ನು ಮನೆಯಲ್ಲಿ ಅಲ್ಲ, ಕೆಲಸದ ಜಾಗದಲ್ಲಿ ನೋಡಬೇಕೆಂದು ಅಷ್ಟರಲ್ಲಿ ಅವರು ಕಲಿತಿದ್ದರು.

ಹಾಗಾಗಿ ಕಡಲಕರೆಗೇ ಬಂದರು. ಜನರೆಲ್ಲ ಸಾಲಾಗಿ ನಿಂತು ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಪೊರ್ಬುಗಳು ಮುಂಡು ಎತ್ತಿ ಕಟ್ಟಿ ಬೂಬಣ್ಣನ ಹಿಂದೆ ಹಗ್ಗ ಹಿಡಿದರು.

"ಪೊರ್ಬುಗಳೇ, ಅದು ಹಗ್ಗ, ಜಪಮಾಲೆ ಅಲ್ಲ. ಕೈ ಸುಲಿಯುತ್ತದೆ."

"ಸುಲಿಯಲಿ ಬೂಬಣ್ಣ. ಮಗಳನ್ನು ಯಾವಾಗ ಕಳಿಸುತ್ತೀರಿ?"

"ಎಂತ ಕಳಿಸುವುದು ಮಾರಾಯ್ರೆ. ಇಲ್ಲಿ ಹಗ್ಗ ಹಿಡಿದವರಿಗೆ ಪಾಲು. ಅವಳು ಹೋದರೆ ಅವಳ ಪಾಲೂ ಹೋಯಿತು. ಸಣ್ಣವರು ಇದ್ದಾರೆ. ಪುಸ್ತಕ ಹಾಕಿ ಸಾರು ಮಾಡಲಿಕ್ಕೆ ಆಗುತ್ತದಾ?"

ಪೊರ್ಬುಗಳು ಹಗ್ಗ ಎಳೆಯುತ್ತಲೇ ಇದ್ದರು. ಬೂಬಣ್ಣ ಹೇಳಿದ್ದು ಸುಳ್ಳಲ್ಲ.

ಬಲೆ ತುಂಬಾ ಬಂಗುಡೆ ಮೀನು ಬಂತು. ಊರಿನ ಹಿರಿಯ ಅಣ್ಣು ಗುರಿಕಾರರು ಮರಳಿನ ಮೇಲೆ ಪಾಲು ಹಾಕಿಸಿದರು. ಎಲ್ಲರೂ ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೂ ಒಂದು ರಾಶಿ ಉಳಿಯಿತು.

"ಇದು ಯಾರದ್ದು ಗುರಿಕಾರರೇ?" ಪೊರ್ಬುಗಳು ಕೇಳಿದರು.

"ಕಿಟ್ಟನದ್ದು. ದೋಣಿ ತಾಗಿ ಕಾಲು ಮುರಿದು ಮಲಗಿದ್ದಾನೆ."

"ಹಗ್ಗ ಹಿಡಿಯದವನಿಗೂ ಪಾಲು ಉಂಟಾ?"

"ನಮ್ಮವನೇ ಅಲ್ವಾ? ಎದ್ದು ಬಂದರೆ ಮತ್ತೆ ಎಳೆಯುತ್ತಾನೆ. ಅಲ್ಲಿಯವರೆಗೆ ಮನೆಯವರು ಉಪವಾಸ ಕೂರಬೇಕಾ?"

ಬೂಬಣ್ಣನ ಹೆಂಡತಿ ಸುಂದರಿ ಬುಟ್ಟಿಯನ್ನು ಕೆಳಗಿಟ್ಟಳು.

"ಗುರಿಕಾರರೇ, ಕಾಲು ಮುರಿದವನು ವಾಪಸು ಬರುತ್ತಾನೆ ಅಂತ ಪಾಲು ಇಡುತ್ತೀರಿ. ನನ್ನ ಮಗಳು ಕಾಲು ಗಟ್ಟಿ ಮಾಡಿಕೊಂಡೇ ವಾಪಸು ಬರುತ್ತಾಳೆ. ಅವಳಿಗೆ ಇಲ್ಲವಾ?"

"ಓದಿದವಳು ಬಂದು ಹಗ್ಗ ಹಿಡಿಯುತ್ತಾಳಾ ಸುಂದರಿಯಕ್ಕ?" ಪಕ್ಕದ ಮನೆಯ ಲೀಲಾಧರ ಕೆಣಕಿದ.

"ಹಗ್ಗಕ್ಕೆ ನೀನಿದ್ದೀಯಲ್ಲ. ನಿನ್ನ ಅಮ್ಮನ ಮದ್ದಿನ ಬಾಟ್ಲಿ ಹಿಡಿದು, ಓದಲಿಕ್ಕೆ ಬರುವವರು ಯಾರುಂಟು ಅಂತ ಊರಿಡೀ ಓಡಿದವನೂ ನೀನೇ."

ಎಲ್ಲರೂ ನಕ್ಕರು, ಲೀಲಾಧರನೂ ನಕ್ಕ.

ಆಗ ಪೊರ್ಬುಗಳು ಹೇಳಿದರು: "ಮಣಿಪಾಲದ ಬೋಳುಗುಡ್ಡೆಯಲ್ಲಿ ಡಾಕ್ಟರರ ಕಾಲೇಜು ಎದ್ದಿದೆ. ಅಲ್ಲಿಗೆ ಕಾಪುವಿನವರು ಮೀನು ಮಾರಲಿಕ್ಕೆ ಮಾತ್ರ ಹೋಗಬೇಕಾ?"

ಗುರಿಕಾರರು ಬೂಬಣ್ಣನ ಕಡೆ ತಿರುಗಿದರು. "ಬೂಬ, ಪಾಲು ಇಟ್ಟರೆ ಕಳಿಸುತ್ತೀಯಾ?"

"ಇಟ್ಟರೆ ತಡೆಯಲಿಕ್ಕೆ ನಾನ್ಯಾರು? ಆದರೆ ಸಣ್ಣ ಸಣ್ಣ ಬಂಗುಡೆ ಹಾಕಬಾರದು."

ಜೂನಿನಲ್ಲಿ ಸ್ವರ್ಣಲತಾ ಉಡುಪಿಗೆ ಹೋದಳು. ಮಳೆಗಾಲ ಕಳೆದು ಮೊದಲ ರಂಪಣಿ ಬಿದ್ದ ದಿನ ಅವಳ ಪಾಲನ್ನು ಸುಂದರಿಯ ಬುಟ್ಟಿಗೆ ಸುರಿದವನು ಕಿಟ್ಟ. ಆಗ ಅವನು ಕುಂಟುತ್ತಲೇ ಹಗ್ಗ ಹಿಡಿಯಲು ಬಂದಿದ್ದ.

ಈಗ ಅರವತ್ತಾರನೆಯ ಇಸವಿ. ಸ್ವರ್ಣಲತಾ ಕಾಪುವಿನ ಶಾಲೆಯಲ್ಲಿ ಟೀಚರು. ಪೊರ್ಬುಗಳ ಸಂಘ ಕಾರ್ಕಳದಲ್ಲೂ ಹಾಸ್ಟೆಲು ತೆರೆದಿದೆ. ಅವರ ತಲೆ ನರೆತಿದೆ, ಸೈಕಲ್ ಮಾತ್ರ ನಿಂತಿಲ್ಲ. ಕಡಲಕರೆಯಲ್ಲಿ ಶಾಲೆಗೆ ಹೋದವರ ಪಾಲಿನ ರಾಶಿಗಳು ಹೆಚ್ಚಾಗಿವೆ. ಬೂಬಣ್ಣ ಈಗಲೂ ಬಗ್ಗಿ ಮೀನಿನ ಗಾತ್ರ ನೋಡುತ್ತಾನೆ, ಬೇರೆಯವರ ಮಕ್ಕಳ ಪರವಾಗಿ.

ನಿಮ್ಮ ಊರಿನಲ್ಲಿ ರಂಪಣಿ ಇಲ್ಲದಿರಬಹುದು. ಗದ್ದೆ ಇದೆ, ಬೀಡಿ ಇದೆ, ಹಂಚಿನ ಕಾರ್ಖಾನೆ ಇದೆ. "ಮಗಳನ್ನು ಓದಿಸಿ" ಎನ್ನುವ ಮೊದಲು, ಅವಳು ಹೋದರೆ ಆ ಮನೆಗೆ ಏನು ಕಡಿಮೆ ಬೀಳುತ್ತದೆ ಎಂದು ಕೇಳಿ. ನಾಲ್ಕು ಮನೆಯವರು ಸೇರಿ ಅದನ್ನು ತುಂಬಿ ಕೊಡಿ. ಶಾಲೆ ತೆರೆಯುವುದು ಜೂನಿನಲ್ಲಿ. ಅವಳ ಪಾಲನ್ನು ಈಗಲೇ ತೆಗೆದಿಡಿ.